ಗೋಡೆಗೆ ಪೇರಿಸಿದ ಹಿಮ

ಮಗಳೇ ಸೆಲ್ಮಾ,

ನಿನ್ನನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆಯಿಂದ ತೆಗೆದು ಮಾಮೂಲಿ ತೊಟ್ಟಿಲಿಗೆ ಹಾಕಿ ಎರಡು ವಾರ ಕಳೆಯಿತು. ನರ್ಸ್ ಡಾರ್ಲೀನ್ ಫೋನಿನಲ್ಲಿ ಹೇಳಿದ್ದಳು. ನೀನು ನೂರು ಮೈಲಿ ಆಚೆ ಆಸ್ಪತ್ರೆಯಲ್ಲಿ, ನಾನು ಇಲ್ಲಿ ಅಡುಗೆಮನೆಯ ಮೇಜಿನ ಮುಂದೆ. ದಾರಿ ಮುಚ್ಚಿಹೋಗಿ ಬರಲಾಗದ ದಿನ ಏನಾದರೂ ಬರೆದು ಕಳಿಸು, ನಾವು ಮಗುವಿಗೆ ಓದಿ ಹೇಳುತ್ತೇವೆ, ಅಮ್ಮನ ಮಾತು ಕಿವಿಗೆ ಬೀಳುತ್ತಿರಲಿ ಎಂದು ಹೇಳಿದವಳೂ ಅವಳೇ. ಅದಕ್ಕಾಗಿ ಈ ಮೊದಲು ಕೆಲವು ಕಾಗದ ಬರೆದೆ. ಎಲ್ಲದರಲ್ಲೂ ಇಷ್ಟು ಹಿಮ ಬಿತ್ತು, ಗಾಳಿ ಈ ಕಡೆಯಿಂದ ಬೀಸಿತು ಎಂಬ ವರದಿ. ರೇಡಿಯೋದವನು ಬರೆದಿದ್ದರೂ ಹಾಗೆಯೇ ಇರುತ್ತಿತ್ತು. ಈ ಕಾಗದ ಅಲ್ಲಿ ಓದಲಿಕ್ಕಲ್ಲ. ಇದನ್ನು ನನ್ನ ಹತ್ತಿರ ಇಟ್ಟುಕೊಂಡಿರುತ್ತೇನೆ, ನೀನು ದೊಡ್ಡವಳಾದ ಮೇಲೆ ಕೊಡುತ್ತೇನೆ.

ಮೊದಲು ನಿನ್ನ ಅಮ್ಮ ಯಾರೆಂದು ಹೇಳಿಬಿಡುತ್ತೇನೆ. ನಾನು ಜಿಲ್ಲೆಯ ರಸ್ತೆ ಇಲಾಖೆಯಲ್ಲಿ ಹಿಮ ತಳ್ಳುವ ಲಾರಿ ಓಡಿಸುತ್ತೇನೆ. ಸುಪೀರಿಯರ್ ಸರೋವರದೊಳಕ್ಕೆ ಚಾಚಿಕೊಂಡಿರುವ ನಮ್ಮ ಈ ತುಂಡು ನೆಲದಲ್ಲಿ ತಾಮ್ರದ ಗಣಿಗಳು ಮುಚ್ಚಿ ಎಷ್ಟೋ ಕಾಲವಾಯಿತು, ಹಿಮ ತಳ್ಳುವ ಕೆಲಸಕ್ಕೆ ಮಾತ್ರ ಯಾವತ್ತೂ ಬರವಿಲ್ಲ. ನಿನ್ನ ಅಪ್ಪ ವಾರನ್ ಕಬ್ಬಿಣದ ಅದಿರು ಸಾಗಿಸುವ ಹಡಗಿನಲ್ಲಿದ್ದಾನೆ. ಜನವರಿ ನಡುವಿನಲ್ಲಿ ಸರೋವರ ಹೆಪ್ಪುಗಟ್ಟಿ ಹಡಗುಗಳನ್ನು ದಂಡೆಗೆ ಕಟ್ಟಿಹಾಕುವವರೆಗೆ ಅವನಿಗೆ ರಜೆಯಿಲ್ಲ. ನೀನು ಫೆಬ್ರವರಿಯಲ್ಲಿ ಹುಟ್ಟುತ್ತೀಯ, ಅಷ್ಟು ಹೊತ್ತಿಗೆ ತಾನು ಮನೆಯಲ್ಲಿರುತ್ತೇನೆ ಎಂದು ಅವನು ಲೆಕ್ಕ ಹಾಕಿಕೊಂಡಿದ್ದ. ನೀನು ಯಾರ ಲೆಕ್ಕವನ್ನೂ ಕೇಳಲಿಲ್ಲ. ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ವಾರ, ನವೆಂಬರ್ ಕೊನೆಗೇ, ಸರೋವರದ ದಂಡೆಯ ರಸ್ತೆಯಲ್ಲಿ ಹಿಮ ತಳ್ಳುತ್ತಿದ್ದಾಗ ನನಗೆ ನೋವು ಶುರುವಾಯಿತು. ಲಾರಿಯನ್ನು ನಾನೇ ತಿರುಗಿಸಿಕೊಂಡು ಇಲಾಖೆಯ ಅಂಗಳಕ್ಕೆ ತಂದು ನಿಲ್ಲಿಸಿದೆ. ರಸ್ತೆ ಅರ್ಧಕ್ಕೇ ಬಿಟ್ಟು ಬಂದೆನಲ್ಲ ಎಂದು ಬೇಜಾರಾಗಿತ್ತು. ಆಮೇಲೆ ಯಾವುದಕ್ಕೂ ಬೇಜಾರಾದ ನೆನಪಿಲ್ಲ.

ಆಸ್ಪತ್ರೆಯಲ್ಲಿ ನಿನ್ನನ್ನು ತೋರಿಸಿದರು. ಕೆಂಪಗಿದ್ದೆ, ನನ್ನ ಕೈಗವಸಿನೊಳಗೆ ಮಲಗಿಸಬಹುದಾದಷ್ಟು ಇದ್ದೆ. ಡಾರ್ಲೀನ್ ನನ್ನ ಬೆರಳು ಹಿಡಿದು ಪೆಟ್ಟಿಗೆಯ ಕಿಂಡಿಯೊಳಗೆ ತೂರಿಸಿ ನಿನ್ನ ಅಂಗೈಗೆ ಮುಟ್ಟಿಸಿದಳು. ನೀನು ಹಿಡಿದುಕೊಂಡೆ. ಅವಳು ಕಣ್ಣೊರೆಸಿಕೊಂಡಳು. ನಾನು ಗೋಡೆಯ ಗಡಿಯಾರ ನೋಡಿದೆ. ನನಗೆ ಏನೂ ಅನ್ನಿಸಲಿಲ್ಲ, ಸೆಲ್ಮಾ. ಕೈಗವಸಿಲ್ಲದೆ ಲಾರಿಯ ಚಕ್ರಕ್ಕೆ ಸರಪಳಿ ಬಿಗಿದ ಮೇಲೆ ಬೆರಳುಗಳು ಕೈಯಲ್ಲಿ ಇವೆಯೋ ಇಲ್ಲವೋ ತಿಳಿಯದೆ ಹೋಗುತ್ತದೆ, ಹಾಗೆ. ಆಯಾಸ ಇರಬೇಕು, ನಾಳೆ ಸರಿಹೋಗುತ್ತದೆ ಅಂದುಕೊಂಡೆ. ನಾಳೆಯೂ ಸರಿಹೋಗಲಿಲ್ಲ. ನನ್ನನ್ನು ಮನೆಗೆ ಕಳಿಸಿ ನಿನ್ನನ್ನು ಅಲ್ಲೇ ಇಟ್ಟುಕೊಂಡರು. ದಾರಿ ತೆರೆದ ದಿನಗಳಲ್ಲಿ ಬಂದು ಹೋದೆ. ಹಾಲು ಹಿಂಡಿ ಬಾಟಲಿಗೆ ತುಂಬಿ ತಂದುಕೊಟ್ಟೆ. ಎಲ್ಲವನ್ನೂ ಸರಿಯಾಗಿಯೇ ಮಾಡಿದೆ.

ಚರ್ಚಿನ ಹೆಂಗಸರು ಮುಚ್ಚಿದ ಪಾತ್ರೆಗಳಲ್ಲಿ ಊಟ ತಂದು ಮೇಜಿನ ಮೇಲಿಟ್ಟು ನನ್ನ ತೋಳು ಸವರುತ್ತಿದ್ದರು. "ಮಗೂನ ಎತ್ಕೊಳ್ಳೋಕೆ ಜೀವ ಚಡಪಡಿಸ್ತಿರ್ಬೇಕಲ್ವೇನೇ ಹೆಲ್ವಿ?" ಎಂದು ಒಬ್ಬಳು ಕೇಳಿದಳು. "ಹೂಂ" ಅಂದೆ. "ತಾಯಿ ಕರುಳು ನೋಡು" ಎಂದು ಇನ್ನೊಬ್ಬಳು. ಅದಕ್ಕೂ "ಹೂಂ". ಅವರು ಹೋದ ಮೇಲೆ ಆಲೂಗಡ್ಡೆಯ ಪಾತ್ರೆಯನ್ನು ಮುಚ್ಚಳ ಕೂಡ ತೆಗೆಯದೆ ಹಿಂದಿನ ಜಗಲಿಯ ಚಳಿಯಲ್ಲಿಟ್ಟೆ. ಅಲ್ಲಿ ಇನ್ನೂ ಹಾಗೇ ಇದೆ.

ಈಗ ಮನೆ ಕಾಯಿಸುವ ಫರ್ನೇಸಿನ ವಿಷಯಕ್ಕೆ ಬರುತ್ತೇನೆ.

ನಮ್ಮ ನೆಲಮಾಳಿಗೆಯಲ್ಲಿ ಮೊದಲು ಸೌದೆ ಹಾಕುವ ದೊಡ್ಡ ಒಲೆ ಇತ್ತು. ಮಗು ಬರುತ್ತದೆ, ಹೊಗೆ ಬೂದಿ ಬೇಡ ಎಂದು ನಿನ್ನ ಅಪ್ಪ ಹೋದ ಬೇಸಿಗೆಯಲ್ಲಿ ಹಡಗಿನಿಂದಲೇ ಫೋನ್ ಮಾಡಿ ಅದನ್ನು ಕಿತ್ತುಹಾಕಿಸಿ ಗ್ಯಾಸಿನ ಫರ್ನೇಸ್ ಹಾಕಿಸಿದ. ಬಿಳಿ ಕಪಾಟಿನಂಥದ್ದು. ಇದಕ್ಕೆ ಚಿಮಣಿಯಿಲ್ಲ. ಎರಡು ಪ್ಲಾಸ್ಟಿಕ್ ಕೊಳವೆಗಳು ನೆಲಮಾಳಿಗೆಯ ಗೋಡೆ ತೂರಿ ಸರೋವರದ ಕಡೆಗೆ ಹೊರಬರುತ್ತವೆ. ಒಂದು ಗಾಳಿ ಎಳೆದುಕೊಳ್ಳುತ್ತದೆ, ಇನ್ನೊಂದು ಹೊಗೆ ಬಿಡುತ್ತದೆ. ಅದು ಹೊತ್ತಿಕೊಳ್ಳುವುದಕ್ಕೆ ಒಂದು ಕ್ರಮವಿದೆ. ಮೊದಲು ಒಳಗಿನ ಪುಟ್ಟ ಫ್ಯಾನು ಗುಂಯ್ ಎಂದು ತಿರುಗುತ್ತದೆ. ಗಾಳಿ ಸರಾಗವಾಗಿ ಹರಿಯುತ್ತಿದೆ ಎಂದು ಒಂದು ಸ್ವಿಚ್ಚಿಗೆ ನಂಬಿಕೆ ಬಂದರೆ ಒಂದು ಕಡ್ಡಿ ಕೆಂಪಗೆ ಕಾಯುತ್ತದೆ. ಆಮೇಲೆ ಟಕ್ ಎಂದು ಗ್ಯಾಸ್ ಬಿಡುತ್ತದೆ, ನೀಲಿ ಬೆಂಕಿ ಸಾಲಾಗಿ ಏಳುತ್ತದೆ. ಕೊನೆಗೆ ದೊಡ್ಡ ಫ್ಯಾನು ಬಿಸಿಗಾಳಿಯನ್ನು ಕೋಣೆಗಳಿಗೆ ತಳ್ಳುತ್ತದೆ. ಕಾಲಿಲ್ಲದ ಕುರ್ಚಿಯೊಂದನ್ನು ಕೆಳಗೆ ಹಾಕಿಕೊಂಡು ಕೂತು ಇದನ್ನೆಲ್ಲ ನೋಡಿದ್ದೇನೆ. ಮಾಡಲು ಬೇರೆ ಕೆಲಸ ಇರಲಿಲ್ಲ, ನೋಡುವುದಕ್ಕೆ ಏನನ್ನೂ ಅನ್ನಿಸಿಕೊಳ್ಳಬೇಕಾಗಿಯೂ ಇರಲಿಲ್ಲ.

ಕ್ರಿಸ್‌ಮಸ್ ಹತ್ತಿರ ಬಂದಾಗ ಅದು ಕೈಕೊಡಲು ಶುರುಮಾಡಿತು. ಪೂರ್ತಿ ಕೆಟ್ಟಿದ್ದರೆ ಒಂದು ದಾರಿ ಇರುತ್ತಿತ್ತು. ಇದು ಎರಡು ದಿನ ಚೆನ್ನಾಗಿ ಉರಿಯುವುದು, ಮೂರನೆಯ ದಿನ ಪುಟ್ಟ ಫ್ಯಾನು ತಿರುಗಿ ತಿರುಗಿ ಸುಮ್ಮನಾಗುವುದು. ಮತ್ತೊಮ್ಮೆ ಪ್ರಯತ್ನಿಸುವುದು, ಮತ್ತೆ ಸುಮ್ಮನಾಗುವುದು. ಆಮೇಲೆ ಮುನಿಸಿಕೊಂಡು ಕೂತುಬಿಡುವುದು. ಬಾಗಿಲಿನ ಕಿಂಡಿಯಲ್ಲಿ ಕೆಂಪು ದೀಪ ಮೂರು ಸಲ ಮಿಣುಕಿ ನಿಲ್ಲುವುದು, ಮತ್ತೆ ಮೂರು ಸಲ. ಅಷ್ಟರಲ್ಲಿ ಮನೆ ತಣ್ಣಗಾಗಿ, ಒಳಗೂ ಕೋಟು ಹಾಕಿಕೊಳ್ಳಬೇಕಾಗುತ್ತಿತ್ತು. ಒಂದಷ್ಟು ಹೊತ್ತು ಕಳೆದು ಏನೂ ಆಗಿಲ್ಲವೆಂಬಂತೆ ತಾನೇ ಹೊತ್ತಿಕೊಳ್ಳುವುದು.

ಹೊಸ ವರ್ಷಕ್ಕೆ ಮೊದಲು ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದರು. ಮಗು ಹಾಲು ಕುಡಿಯುತ್ತಿದೆ, ತೂಕ ಬರುತ್ತಿದೆ, ಇನ್ನು ಮನೆಗೆ ಕರೆದುಕೊಂಡು ಹೋಗಬಹುದು. ಆದರೆ ಮೈಯ ಶಾಖವನ್ನು ತಾನೇ ಹಿಡಿದಿಟ್ಟುಕೊಳ್ಳುವ ಶಕ್ತಿ ಅದಕ್ಕಿನ್ನೂ ಪೂರ್ತಿ ಬಂದಿಲ್ಲ, ಮನೆ ಸದಾ ಬೆಚ್ಚಗಿರಬೇಕು. ನಾನು ನಿಜವನ್ನೇ ಹೇಳಿದೆ. ನಮ್ಮ ಫರ್ನೇಸ್ ಯಾವಾಗ ಆರುತ್ತದೋ ಗೊತ್ತಿಲ್ಲ ಅಂದೆ. ಹಾಗಾದರೆ ಅದು ಸರಿಯಾಗಲಿ, ಅಲ್ಲಿಯವರೆಗೆ ಮಗು ಇಲ್ಲೇ ಇರಲಿ ಅಂದರು. ನಾನು ತಲೆಯಾಡಿಸಿ ಕಾರಿಗೆ ಬಂದು ಕೂತೆ. ನನಗೆ ಹಗುರವೆನ್ನಿಸಿತು. ಯಾಕೆಂದು ಕೇಳಿಕೊಳ್ಳದೆ ಕಾರು ಶುರುಮಾಡಿದೆ.

ರಿಪೇರಿಗೆ ಬಂದವನು ಗಾರ್ಡಿ ಸಲ್ಮೆಲಾ. ನಮ್ಮೂರಿನವನೇ, ಬಾಯಿ ಸುಮ್ಮನಿರದವನು. ಅವನು ಬಂದಾಗ ಫರ್ನೇಸ್ ಹೊತ್ತಿ ಉರಿಯುತ್ತಿತ್ತು. ಆದರೂ ಬೆಂಕಿ ಇದೆಯೋ ಇಲ್ಲವೋ ನೋಡುವ ಕಡ್ಡಿಯನ್ನು ಬಿಚ್ಚಿ ಉಜ್ಜಿ ಹಾಕಿದ. ಅವನು ಹೋದ ಮೇಲೆ ಮಾರನೆಯ ದಿನವೇ ಆರಿತು. ಎರಡನೆಯ ಸಲ ಬಂದಾಗಲೂ ಚೆನ್ನಾಗಿ ಉರಿಯುತ್ತಿತ್ತು. ಹೊತ್ತಿಸುವ ಕಡ್ಡಿಯನ್ನೇ ಹೊಸದು ಹಾಕಿದ, ತಂತಿಗಳನ್ನು ಅಲ್ಲಾಡಿಸಿ ನೋಡಿದ, ನೀರು ಹೋಗುವ ಕೊಳವೆ ತೊಳೆದ. ದೀಪ ಮೂರು ಸಲ ಮಿಣುಕುತ್ತದೆ ಎಂದು ನಾನು ಹೇಳಿದೆ. ಅದರರ್ಥ ಗಾಳಿ ಸಾಲುತ್ತಿಲ್ಲ ಎಂದು ಹೇಳಿ ಹೊರಗಿನಿಂದ ಮನೆಗೆ ಒಂದು ಸುತ್ತು ಬಂದ. ಒಳಗೆ ಬಂದು ಅಡುಗೆಮನೆಯ ಮೇಜಿಗೆ ಕೂತು, ಕೊಳವೆಗಳ ಬಾಯಿ ಎರಡೂ ಚೊಕ್ಕವಾಗಿವೆ ಎಂದ.

"ನಾನು ಬಂದಾಗ ನಿನ್ನ ಫರ್ನೇಸು ದೇವರಂಥದ್ದು ಹೆಲ್ವಿ. ನಾನು ಹೋದ್ಮೇಲೆ ನೀನು ಅದಕ್ಕೇನು ಬೈತೀಯೋ ಅದನ್ನ ಹೇಳು ಮೊದ್ಲು."

ನಿನ್ನ ಅಜ್ಜ ಓನಿ ಅಲ್ಲೇ ಮೇಜಿನ ಆಚೆ, ಏಲಕ್ಕಿ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದುತ್ತ ಕೂತಿದ್ದರು. "ಸೌದೆ ಒಲೆ ಇದ್ದಿದ್ರೆ ನಿನ್ನನ್ನ ಯಾರು ಕರೀತಿದ್ರು?" ಎಂದರು.

"ಸೌದೆ ಒಲೆ ಇದ್ದಿದ್ರೆ ನಿಮ್ಮನೆ ಬ್ರೆಡ್ಡು ನಂಗೆಲ್ಲಿ ಸಿಗ್ತಿತ್ತು ಓನಿ?" ಎಂದು ಇನ್ನೊಂದು ತುಂಡು ಎತ್ತಿಕೊಂಡ ಗಾರ್ಡಿ. ಹೋಗುವಾಗ ಬಾಗಿಲಲ್ಲಿ ನಿಂತು, ಮಾತಿಗೆ ಸ್ವಲ್ಪ ತೂಕ ತಂದುಕೊಂಡು, "ಇನ್ನು ಅದು ಉರೀತಿರುವಾಗ ನೋಡಿ ಪ್ರಯೋಜನ ಇಲ್ಲ. ಆರಿದಾಗ ನೋಡ್ಬೇಕು. ಆರಿದ ತಕ್ಷಣ ನಂಗೆ ಫೋನ್ ಮಾಡ್ಬೇಡ, ಮೊದ್ಲು ನೀನೇ ಹೋಗಿ ನೋಡು" ಎಂದ.

ನಿನ್ನ ಅಜ್ಜನ ಬಗ್ಗೆ ಇಲ್ಲಿ ಹೇಳಬೇಕು. ಅವರು ನಿನ್ನ ಅಪ್ಪನ ಅಪ್ಪ. ನಮ್ಮ ಅಂಗಳದ ಆ ತುದಿಯಲ್ಲಿ, ಹಬೆಸ್ನಾನದ ಕೋಣೆ ಸೌನಾದ ಪಕ್ಕದ ಚಿಕ್ಕ ಮನೆಯಲ್ಲಿರುತ್ತಾರೆ. ನಾನು ಅವರನ್ನು ಪಾ ಎನ್ನುತ್ತೇನೆ. ಹಿಮ ಬಿದ್ದ ದಿನ ಅವರು ಕಾಫಿಗೂ ಮೊದಲೇ ಎರಡು ಕೈಯಲ್ಲಿ ತಳ್ಳುವ ಅಗಲದ ತಗಡಿನ ಮೊರ ಹಿಡಿದು ಹೊರಗಿರುತ್ತಾರೆ. ನಮ್ಮ ಕಡೆ ಹಳೆಯ ಮನೆಗಳ ಗೋಡೆಗೆ ಸುತ್ತಲೂ ಹಿಮ ಪೇರಿಸಿ ಒತ್ತುವುದು ರೂಢಿ. ಕಿಟಕಿಯವರೆಗೆ ಒತ್ತಿಬಿಟ್ಟರೆ ನೆಲದಡಿ ಗಾಳಿ ನುಗ್ಗುವುದಿಲ್ಲ, ಮನೆ ಬೆಚ್ಚಗಿರುತ್ತದೆ. ಹಿಮವನ್ನೇ ಹೊದಿಸಿ ಮನೆ ಕಾಯಿಸುವವರು ನಾವು. ಓನಿ ಅಜ್ಜನ ಕೈಯ ಕೆಲಸ ಊರಿನಲ್ಲೇ ಹೆಸರಾದದ್ದು, ಗೋಡೆಗೆ ಗೋಡೆ ಕಟ್ಟಿದ ಹಾಗೆ ನೆಟ್ಟಗಿರುತ್ತದೆ. ಈ ವರ್ಷ ಎಂದಿಗಿಂತ ಎತ್ತರ ಪೇರಿಸಿದ್ದರು. ಫರ್ನೇಸ್ ಆರಿ ಮನೆ ತಣ್ಣಗಾದಾಗಲೆಲ್ಲ ಮೊರ ತೆಗೆದುಕೊಂಡು ಹೋಗಿ ಇನ್ನಷ್ಟು ಒತ್ತಿ ಬರುತ್ತಿದ್ದರು. "ಮಗು ಬರೋ ಹೊತ್ತಿಗೆ ಒಂದು ಸಂದೂ ಇರ್ಬಾರ್ದು" ಎನ್ನುತ್ತಿದ್ದರು.

ಡಾರ್ಲೀನ್ ಮಧ್ಯಾಹ್ನದ ಹೊತ್ತಿಗೆ ಫೋನ್ ಮಾಡುತ್ತಿದ್ದಳು. ನೀನು ಎಷ್ಟು ಹಾಲು ಕುಡಿದೆ, ಹೇಗೆ ಆಕಳಿಸಿದೆ, ಎಲ್ಲ ಹೇಳುತ್ತಿದ್ದಳು. ಕೊನೆಗೆ, "ಏನಮ್ಮಾ, ನಿನ್ನ ಫರ್ನೇಸು ಏನಂತಾನೆ?" ಎಂದು ಕೇಳುತ್ತಿದ್ದಳು. "ನಿನ್ನೆ ಮತ್ತೆ ಆರಿತ್ತು" ಎಂದು ನಾನು ಹೇಳುತ್ತಿದ್ದೆ. "ಅಯ್ಯೋ ಪಾಪ" ಎನ್ನುತ್ತಿದ್ದಳು ಅವಳು. ಆ ಪಾಪವನ್ನು ನನಗಾಗಿ ಹೇಳುತ್ತಿದ್ದಳು, ನಾನದನ್ನು ಬೇಡವೆನ್ನದೆ ತೆಗೆದುಕೊಳ್ಳುತ್ತಿದ್ದೆ. ಫೋನಿಟ್ಟ ಮೇಲೆ ಭುಜದಿಂದ ಏನೋ ಇಳಿದಂತಾಗುತ್ತಿತ್ತು. ಹಾಗೆ ಹಲವು ಸಲ ಆದ ಮೇಲೆ, ಫೋನಿನ ಪಕ್ಕ ನಿಂತು ನನಗೆ ನಾನೇ ಹೇಳಿಕೊಳ್ಳಬೇಕಾಯಿತು. ಆ ಫರ್ನೇಸ್ ಆರುವುದು ನನಗೆ ಬೇಕಾಗಿತ್ತು, ಸೆಲ್ಮಾ. ಅದು ಹೀಗೆ ಆರುತ್ತಿರುವವರೆಗೂ ನೀನು ಅಲ್ಲಿರುತ್ತೀಯ. ನಿನ್ನನ್ನು ಎತ್ತಿಕೊಂಡು, ಎಲ್ಲರೂ ನೋಡುತ್ತಿರುವಾಗ, ಒಳಗೆ ಏನೂ ಇಲ್ಲದವಳಾಗಿ ನಿಲ್ಲುವುದು ತಪ್ಪುತ್ತದೆ. ಇನ್ನು ಸ್ವಲ್ಪ ದಿನ ತಳ್ಳಿದರೆ ನಿನ್ನ ಅಪ್ಪ ಬರುತ್ತಾನೆ, ಬೇಕಾದರೆ ಅವನೇ ಕರೆತರಲಿ, ಅವನಿಗೆ ಅನ್ನಿಸಬೇಕಾದ್ದೆಲ್ಲ ಆಗಲೇ ಅನ್ನಿಸುತ್ತಿದೆ. ಬಂದರಿನಿಂದ ಫೋನ್ ಮಾಡಿದಾಗಲೆಲ್ಲ ಅಳುತ್ತಾನೆ.

ನಿನ್ನೆ ಬೆಳಗ್ಗೆ ಸರೋವರದ ಕಡೆಯಿಂದ ಗಾಳಿ ಜೋರಾಗಿತ್ತು. ತಿಂಡಿ ಮುಗಿಸುವ ಹೊತ್ತಿಗೆ ಕೆಳಗೆ ಪುಟ್ಟ ಫ್ಯಾನು ತಿರುಗಿತು, ನಿಂತಿತು, ಮತ್ತೆ ತಿರುಗಿತು, ನಿಂತಿತು. ಕೆಳಗಿಳಿದು ನೋಡಿದೆ. ಮೂರು ಮಿಣುಕು. ಗಾಳಿ ಸಾಲುತ್ತಿಲ್ಲ. ಸುಮ್ಮನೆ ಮೇಲೆ ಬಂದು ಕೂರಬಹುದಿತ್ತು. ಆದರೆ ಇಷ್ಟು ವರ್ಷ ಲಾರಿ ಓಡಿಸಿದ ಅಭ್ಯಾಸ ಕೇಳಬೇಕಲ್ಲ. ಎದುರುಗಾಳಿಯಲ್ಲಿ ಲಾರಿಯ ಮೂತಿಗೆ ಹಿಮ ಮೆತ್ತಿಕೊಂಡು ಗಾಳಿ ಕಟ್ಟಿದಾಗ ಇಂಜಿನ್ನೂ ಹೀಗೆಯೇ ಮಾಡುತ್ತದೆ, ನಾವು ಇಳಿದು ಹೋಗಿ ಕೈಯಿಂದಲೇ ಕೆರೆದು ತೆಗೆಯುತ್ತೇವೆ. ಕಾಲು ಅದರಷ್ಟಕ್ಕೇ ಬೂಟು ಹಾಕಿಕೊಂಡಿತು.

ಮನೆಯ ಹಿಂಭಾಗಕ್ಕೆ ಸೊಂಟದವರೆಗಿನ ಹಿಮ ತುಳಿದುಕೊಂಡು ಹೋದೆ. ಸರೋವರದ ಕಡೆಯ ಗೋಡೆಗೆ ಅಜ್ಜ ಪೇರಿಸಿದ್ದು ಕಿಟಕಿಯ ಅಂಚು ದಾಟಿತ್ತು. ಕೊಳವೆಗಳನ್ನು ಅವರು ಮುಚ್ಚಿರಲಿಲ್ಲ. ಅಷ್ಟು ತಿಳಿಯದವರಲ್ಲ. ಅವುಗಳ ಸುತ್ತ ಬಾವಿಯ ಹಾಗೆ ಗುಂಡಗೆ ಜಾಗ ಬಿಟ್ಟು, ಮೇಲಿನಿಂದ ಹಿಮ ಬೀಳದಿರಲೆಂದು ಹಳೆಯ ಬಾಗಿಲಿನ ಹಲಗೆಯೊಂದನ್ನು ಅಡ್ಡ ಹಾಕಿದ್ದರು. ಆ ಹಲಗೆಯ ಕೆಳಗೆ ಒಂದು ಕೊಳವೆ ಬಿಟ್ಟ ಒದ್ದೆ ಹೊಗೆ ಹೊರಗೆ ಹೋಗಲಾಗದೆ ಸುತ್ತಿ ಸುತ್ತಿ ಪಕ್ಕದ ಕೊಳವೆಗೇ ನುಗ್ಗಿತ್ತು. ಅದರ ಬಾಯಿ ತುಂಬ ಮಂಜು ಕಟ್ಟಿ ನನ್ನ ಕಿರುಬೆರಳೂ ತೂರದ ಹಾಗಾಗಿತ್ತು. ತಾನು ಬಿಟ್ಟ ಉಸಿರನ್ನೇ ಎಳೆದುಕೊಂಡು ಫರ್ನೇಸ್ ಉಸಿರು ಕಟ್ಟಿ ಕೂತಿತ್ತು. ಗಾಳಿ ಬೇರೆ ಕಡೆಯಿಂದ ಬೀಸಿದ ದಿನ ಹೊಗೆ ಹೇಗೋ ಸಂದಿಯಿಂದ ಹೊರಟುಹೋಗುತ್ತಿತ್ತು, ಅಂದು ಮನೆ ಬೆಚ್ಚಗಿರುತ್ತಿತ್ತು.

ಹಲಗೆ ಎತ್ತಿದೆ. ಮಂಜನ್ನು ಕೆರೆದು ಬೀಳಿಸಿದೆ. ಒಳಗೆ ಹೋಗಿ ಸ್ವಿಚ್ಚು ಆರಿಸಿ ಹಾಕಿ ಮತ್ತೆ ಹೊರಗೆ ಬಂದು ಕೊಳವೆಗಳ ಹತ್ತಿರ ಬಾಗಿ ಕಿವಿಯಿಟ್ಟೆ. ಗುಂಯ್, ಆಮೇಲೆ ಟಕ್, ಆಮೇಲೆ ಬೆಂಕಿ ಎದ್ದ ಸದ್ದು. ಅಷ್ಟೇ. ಇಷ್ಟು ದಿನದ ಗೋಳು ಅಷ್ಟರಲ್ಲಿ ಮುಗಿದಿತ್ತು.

ಗಾರ್ಡಿಗೆ ಯಾಕೆ ಕಾಣಲಿಲ್ಲ ಎಂಬುದೂ ಅಲ್ಲೇ ನಿಂತಾಗ ತಿಳಿಯಿತು. ಮನೆಗೆ ಯಾರಾದರೂ ಬರುತ್ತಾರೆಂದರೆ ಓನಿ ಅಜ್ಜ ಗೇಟಿನಿಂದ ಹಿಡಿದು ಹಿಂದಿನ ಗೋಡೆಯವರೆಗೆ ದಾರಿ ಬಿಡಿಸುತ್ತಾರೆ. ಬಂದವರು ಹಿಮ ತುಳಿಯುವಂತಾದರೆ ಅಜ್ಜನಿಗೆ ಅವಮಾನ. ಗಾರ್ಡಿ ಬರುತ್ತಾನೆಂದು ಫೋನ್ ಬಂದಾಗಲೆಲ್ಲ ಹಲಗೆ ತೆಗೆದು, ಬಾವಿ ಅಗಲ ಮಾಡಿ, ಎಲ್ಲ ಗುಡಿಸಿ ಇಟ್ಟಿದ್ದಾರೆ. ಅವನು ಹೋದ ಮೇಲೆ ಮತ್ತೆ ಒತ್ತಿದ್ದಾರೆ, ಹಲಗೆ ಹಾಕಿದ್ದಾರೆ. ಫರ್ನೇಸ್ ಆರಿದೆ. ಮನೆ ತಣ್ಣಗಾಯಿತೆಂದು ಇನ್ನೂ ಒತ್ತಿದ್ದಾರೆ. ಹಿಮ ತಳ್ಳುವುದನ್ನೇ ಕಸುಬು ಮಾಡಿಕೊಂಡ ನಾನು ನನ್ನದೇ ಗೋಡೆಯ ಹಿಂದೆ ಒಂದು ಸಲವೂ ಹೋಗಿ ನೋಡಿರಲಿಲ್ಲ.

ಹಲಗೆಯನ್ನು ಮತ್ತೆ ಕೈಗೆತ್ತಿಕೊಂಡೆ. ನಿನಗೆ ಹೇಳಬೇಕಾದ ಮಾತು ಇದು. ಅದನ್ನು ಇದ್ದಲ್ಲಿಯೇ ಇಟ್ಟು, ನನ್ನ ಹೆಜ್ಜೆ ಗುರುತನ್ನು ಗಾಳಿಗೆ ಬಿಟ್ಟು ಒಳಗೆ ಹೋದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಫರ್ನೇಸ್ ಮತ್ತೆ ಆರುತ್ತಿತ್ತು. ಡಾರ್ಲೀನ್ ಮತ್ತೆ ಅಯ್ಯೋ ಪಾಪ ಎನ್ನುತ್ತಿದ್ದಳು. ನಾನು ಹಲಗೆ ಹಿಡಿದುಕೊಂಡು ನಿಂತೇ ಇದ್ದೆ. ಇಡಬೇಕೆಂದೂ ಇಡಬಾರದೆಂದೂ ಅನ್ನಿಸುತ್ತಿರಲಿಲ್ಲ. ಮುಖಕ್ಕೆ ಗಾಳಿ ಹೊಡೆಯುತ್ತಿತ್ತು, ಅದೂ ಬೇರೆ ಯಾರದೋ ಮುಖಕ್ಕೆ ಹೊಡೆದ ಹಾಗಿತ್ತು.

"ಏನ್ ಮಾಡ್ತಿದೀಯ ಹುಡುಗಿ? ಬಾಣಂತಿ, ಹಿಂಗೆ ಗಾಳೀಲಿ ನಿಂತ್ಕೊಂಡು?"

ಅಜ್ಜ ಮೊರ ತಳ್ಳಿಕೊಂಡು ಬಂದಿದ್ದರು. ಅವರಿಗೆ ಹಲಗೆ ತೋರಿಸಿದೆ, ಕೊಳವೆ ತೋರಿಸಿದೆ, ಬಿದ್ದಿದ್ದ ಮಂಜಿನ ಉಂಡೆ ತೋರಿಸಿದೆ. ಹೇಗೆ ಹೇಳಿದರೆ ನೋವಾಗುವುದಿಲ್ಲ ಎಂದು ಯೋಚಿಸುವ ಶಕ್ತಿ ಇರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬಾಗಿ ನೋಡಿದರು, ಬೆರಳು ಹಾಕಿ ನೋಡಿದರು.

"ಗಾರ್ಡಿ ಬಂದಾಗ ಚೆನ್ನಾಗಿತ್ತಲ್ಲ."

"ಅವ್ನು ಬರ್ತಾನೆ ಅಂತ ನೀವು ತೆಗೆದಿಟ್ಟಿರ್ತಿದ್ರಿ ಪಾ."

"ಮತ್ತೆ? ಬಂದೋರಿಗೆ ಓಡಾಡೋಕೆ ಜಾಗ ಬೇಡ್ವಾ?"

"ಹೋದ್ಮೇಲೆ ಮತ್ತೆ ಒತ್ತುತಿದ್ರಿ."

"ಮನೆ ತಣ್ಣಗಾಗ್ತಿತ್ತಲ್ಲ ಅಂತ..." ಎಂದವರು ಅಲ್ಲೇ ನಿಲ್ಲಿಸಿದರು. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಆ ಗಾಳಿಯಲ್ಲಿ ಬರಿ ತಲೆಯಲ್ಲಿ ನಿಂತರು. "ಹಂಗಾದ್ರೆ ಮಗೂನ ಇಷ್ಟು ದಿನ ಆಸ್ಪತ್ರೇಲಿ ಕೂರಿಸಿದ್ದು ನಾನೇ."

ಅವರ ಮುಖ ನೋಡಲಾಗಲಿಲ್ಲ. ಅಯ್ಯೋ ಎನ್ನಿಸಬೇಕಿತ್ತು, ಎನ್ನಿಸಲಿಲ್ಲ. ಆದರೆ ಆ ತಪ್ಪನ್ನು ಹೊತ್ತುಕೊಂಡು ಅವರು ಒಬ್ಬರೇ ತಮ್ಮ ಮನೆಗೆ ಹೋಗುವುದು ಸರಿಯಲ್ಲ ಎಂಬಷ್ಟು ತಿಳಿಯಿತು. ಅದಕ್ಕೇ ಬಾಯಿಬಿಟ್ಟೆ.

"ಇಲ್ಲ ಪಾ. ಅದು ಆರಿದಾಗ್ಲೆಲ್ಲ ನಂಗೆ ಹಾಯಾಗ್ತಿತ್ತು. ಮಗು ಬರೋದು ಮುಂದಕ್ಕೆ ಹೋಯ್ತಲ್ಲ ಅಂತ. ಈಗ್ಲೂ ಈ ಹಲಗೆ ವಾಪಸ್ ಇಟ್ಬಿಡೋಣ ಅಂತಾನೇ ನಿಂತಿದ್ದೆ. ನಂಗೆ ಮಗು ಮೇಲೆ ಏನೂ ಅನ್ಸಲ್ಲ ಪಾ. ಹುಟ್ಟಿದಾಗಿಂದ ಏನೂ ಅನ್ಸಿಲ್ಲ."

ಹೇಳಿದ ಮೇಲೆ, ಇನ್ನು ಇವರು ನನ್ನ ಜೊತೆ ಮಾತಾಡಲಿಕ್ಕಿಲ್ಲ ಅಂದುಕೊಂಡೆ. ಅವರು ಟೊಪ್ಪಿಗೆಯನ್ನು ತಲೆಗೆ ಹಾಕಿ ಕಿವಿ ಮುಚ್ಚಿಕೊಂಡರು. ಮೊರದ ಹಿಡಿಗೆ ಒರಗಿ ಸರೋವರದ ಕಡೆ ನೋಡುತ್ತ ನಿಂತರು.

"ಹಿಲ್ಯಾಗೂ ಹಂಗೇ ಆಗಿತ್ತು" ಎಂದರು. ಹಿಲ್ಯಾ ಎಂದರೆ ನಿನ್ನ ಅಜ್ಜಿ, ನಾನು ಈ ಮನೆಗೆ ಬರುವ ಮೊದಲೇ ತೀರಿಕೊಂಡವರು. "ವಾರನ್ ಹುಟ್ಟಿದ್ಮೇಲೆ ಕೊಟ್ಟಿಗೆ ಸೇರ್ಕೊಂಡ್ಬಿಟ್ಲು. ಹಸು ಕರೆಯೋಳು, ಸಗಣಿ ಬಾಚೋಳು. ಅವ್ನು ಅತ್ರೆ ಒಳಗೆ ಬಂದು ಹಾಲು ಕುಡಿಸೋಳು, ಮತ್ತೆ ಎದ್ದು ಹೋಗೋಳು. ಒಂದ್ಸಲಾನೂ ಅವನ ಮುಖ ನೋಡಿ ನಕ್ಕಿದ್ದು ನಾನು ನೋಡ್ಲಿಲ್ಲ. ನಾನೂ ಯಾರ್ಗೂ ಹೇಳ್ಲಿಲ್ಲ. ಏನಂತ ಹೇಳೋದು?"

"ಆಮೇಲೆ?"

"ಆಮೇಲೇನು. ಹಿಮ ಕರಗ್ತು, ಹುಲ್ಲು ಬಂತು, ಕೆಲ್ಸ ಜಾಸ್ತಿ ಆಯ್ತು. ಒಂದಿನ ನೋಡಿದ್ರೆ ಅವನ್ನ ಸೊಂಟಕ್ಕೆ ಕಟ್ಕೊಂಡು ಏನೋ ಗೊಣಗ್ತಾ ಇದ್ಲು. ಯಾವಾಗ ಶುರುವಾಯ್ತು ಅಂತ ಕೇಳ್ದೆ. ಅವ್ಳಿಗೂ ಗೊತ್ತಿರ್ಲಿಲ್ಲ."

"ಶುರುವಾಗ್ದೇ ಹೋಗಿದ್ರೆ?"

ಸಮಾಧಾನ ಹೇಳುವವರಾಗಿದ್ದರೆ ಥಟ್ಟನೆ ಏನಾದರೂ ಹೇಳಿಬಿಡುತ್ತಿದ್ದರು. ಅಜ್ಜ ನಿಜವಾಗಿಯೂ ಯೋಚಿಸಿದರು.

"ಆಗ್ಲೂ ಹಾಲು ಕುಡಿಸ್ತಿದ್ಲು" ಎಂದರು.

ಆಮೇಲೆ ಮೊರ ಎತ್ತಿಕೊಂಡು ತಾವು ಪೇರಿಸಿದ್ದನ್ನು ತಾವೇ ಕೆಡವಲು ಶುರುಮಾಡಿದರು. ನಾನೂ ಗುದ್ದಲಿ ತಂದೆ. ಸರೋವರದ ಕಡೆಯ ಗೋಡೆ ಪೂರ್ತಿ ಬರಿದಾಗುವವರೆಗೆ ಇಬ್ಬರೂ ಕೆಡವಿದೆವು. "ಆ ಮೂರು ಕಡೆ ಇರ್ಲಿ ಅಲ್ವಾ?" ಎಂದು ಒಮ್ಮೆ ಕೇಳಿದರು. "ಇರ್ಲಿ ಪಾ" ಅಂದೆ. ಹಲಗೆಯನ್ನು ಅವರು ಸೌನಾದ ಒಲೆಗೆಂದು ಸೀಳಿಹಾಕಿದರು.

ಮಧ್ಯಾಹ್ನ ಫೋನ್ ಬಂತು. ಮನೆ ಬೆಚ್ಚಗಿತ್ತು, ಕೋಟು ತೆಗೆದಿಟ್ಟಿದ್ದೆ. ಡಾರ್ಲೀನ್ ನಿನ್ನ ಹಾಲಿನ ಲೆಕ್ಕ ಹೇಳಿದಳು, ನಿನಗೆ ಬಿಕ್ಕಳಿಕೆ ಬಂದದ್ದು ಹೇಳಿದಳು. ಆಮೇಲೆ ಕೇಳಿದಳು. ಈ ಒಂದು ವಾರವೂ ತಳ್ಳೋಣ, ಗಂಡ ಬಂದ ಮೇಲೆ ನೋಡೋಣ ಎಂದು ಹೇಳಲು ನನ್ನ ಬಾಯಲ್ಲಿ ಮಾತು ಸಿದ್ಧವಾಗಿತ್ತು. ಅದರಲ್ಲಿ ಸುಳ್ಳೂ ಇರಲಿಲ್ಲ. ಯಾರೂ ನನ್ನನ್ನು ಏನೂ ಅನ್ನುತ್ತಿರಲಿಲ್ಲ.

"ಸರಿಯಾಗಿದೆ. ಮನೆ ಬೆಚ್ಚಗಿದೆ" ಅಂದೆ.

"ಹಾಗಾದ್ರೆ ನಾಳೆ?" ಎಂದಳು.

"ನಾಳೆ" ಅಂದೆ.

ಫೋನಿಟ್ಟೆ. ಅಲ್ಲೇ ನೆಲದ ಮೇಲೆ ಕೂತುಕೊಂಡೆ. ಹೆದರಿಕೆಯಾಗಿತ್ತು. ನೀನು ಉಸಿರಾಡುವುದನ್ನು ಮರೆತರೆ ಏನು ಮಾಡಲಿ, ಹಾಲು ಗಂಟಲಿಗೆ ಸಿಕ್ಕಿಕೊಂಡರೆ ಏನು ಮಾಡಲಿ, ದಾರಿಯಲ್ಲಿ ಕಾರು ಜಾರಿದರೆ ಏನು ಮಾಡಲಿ ಎಂದು ಒಂದೊಂದಾಗಿ ಎಣಿಸಿದೆ. ನೀನು ಹುಟ್ಟಿದಂದಿನಿಂದ ನನಗೆ ಏನಾದರೂ ಅನ್ನಿಸಿದ್ದೆಂದರೆ ಇದೇ ಮೊದಲು. ಇದು ಪ್ರೀತಿಯೆಂದು ನಾನು ಹೇಳುವುದಿಲ್ಲ. ಇದು ಹೆದರಿಕೆ. ಆದರೆ ಅದು ನಿನ್ನ ಸಲುವಾಗಿ ಆದದ್ದು.

ಈಗ ಬೆಳಗಾಗಿದೆ. ಅಜ್ಜ ಹೊರಗೆ ಕಾರಿನ ಗಾಜಿನ ಮಂಜು ಕೆರೆಯುತ್ತಿದ್ದಾರೆ. ನನ್ನ ಜೊತೆ ಕೆಲಸ ಮಾಡುವವರು ಆಸ್ಪತ್ರೆಗೆ ಹೋಗುವ ರಸ್ತೆಯನ್ನು ಜಿಲ್ಲೆಯ ಗಡಿಯವರೆಗೆ ಎರಡು ಸಲ ತಳ್ಳಿ ಬಂದಿದ್ದಾರಂತೆ, ನಾನು ಇವತ್ತು ಹೊರಡುತ್ತೇನೆಂದು ಅವರಿಗೆ ಯಾರು ಹೇಳಿದರೋ. ನಿನಗೆ ತಂದಿಟ್ಟ ಬಟ್ಟೆಗಳೆಲ್ಲ ನಿನಗೆ ದೊಡ್ಡವೇ, ಎರಡು ಸುತ್ತು ಸುತ್ತಿ ತರುತ್ತೇನೆ.

ನೀನು ಬಂದ ಮೇಲೆ ನನ್ನ ಮುಖ ನೋಡುತ್ತೀಯ. ಅಲ್ಲಿ ಬೇರೆ ತಾಯಂದಿರ ಮುಖದಲ್ಲಿ ಇರುವುದು ಇರಲಿಕ್ಕಿಲ್ಲ. ಅದಕ್ಕೆ ನೀನು ಏನೂ ಮಾಡಿಲ್ಲ, ಇದನ್ನು ನೆನಪಿಟ್ಟುಕೋ. ಅದು ಬಂದರೆ ಯಾವತ್ತೋ ಬರುತ್ತದೆ, ಬಂದದ್ದು ನನಗೂ ತಿಳಿಯದೆ ಇರಬಹುದು. ಅಲ್ಲಿಯವರೆಗೆ ನೀನು ಅತ್ತರೆ ಏಳುತ್ತೇನೆ. ಅದು ಯಾವತ್ತೂ ಬಾರದೆ ಹೋದರೂ ಏಳುತ್ತೇನೆ. ಇಷ್ಟನ್ನು ಮಾತ್ರ ಖಂಡಿತವಾಗಿ ಬರೆದುಕೊಡಬಲ್ಲೆ.

ದೇವರು ನಿನ್ನ ಮೈಯನ್ನು ಬೆಚ್ಚಗಿಡಲಿ. ನಾನು ಹೊರಟೆ.

ಹೆದರಿಕೊಂಡು, ಆದರೂ ಬರುತ್ತಿರುವ,
ನಿನ್ನ ಅಮ್ಮ
ಹೆಲ್ವಿ